ವೈದೇಹಮ್ಮನ ಒನ್ಸ್ ಮೋರ್

ಎಂಬತ್ತೈದು ದಾಟಿದ ವೈದೇಹಮ್ಮನವರು ರೇಡಿಯೊದಲ್ಲಿ ಹಾಡುವುದಕ್ಕೂ ಜರಿ ಸೀರೆ ಉಟ್ಟು, ಕೆನ್ನೆಗೆ ಬಣ್ಣ ಹಚ್ಚಿಕೊಂಡೇ ಆಸ್ಟ್ರೇಲಿಯದ ಪರ್ತ್ ನಗರದ ವಿಲೆಟನ್ ಬಡಾವಣೆಯಲ್ಲಿರುವ ಮಗಳ ಮನೆಯಿಂದ ಹೊರಡುತ್ತಾರೆ. ಹುಡುಗಿಯಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿ, ಊರಿಗೆ ರೇಡಿಯೊ ಬಂದ ಹೊಸತರಲ್ಲಿ ಅಲ್ಲಿಗೂ ಕಾಲಿಟ್ಟವರು. ಮೈಕು ಮೂಗಿನ ಮುಂದಿದ್ದರೂ ದನಿಯನ್ನು ಡೇರೆಯ ಕೊನೆಯ ಸಾಲಿಗೇ ಎಸೆಯುತ್ತಾರೆ. ಪರ್ತ್‌ನ ಭಾನುವಾರದ ಕನ್ನಡ ಕಾರ್ಯಕ್ರಮ ನಡೆಸುವ ಉತ್ತಮ್, ವಾರವಿಡೀ ಗಣಿಯ ಕೆಲಸದಲ್ಲಿ ಬಂಡೆ ಸಿಡಿಯುವ ಸದ್ದನ್ನು ಸಹಿಸುವವನು, ಇವರ ತಾರಕಕ್ಕೆ ಹೆಡ್‌ಫೋನ್ ಕಿತ್ತಿಡುತ್ತಾನೆ. ಅದಕ್ಕಿಂತ ದೊಡ್ಡ ಪೀಡೆ ಹಾಡು ಮುಗಿದ ಮೇಲಿನದು. ಹಿಂದೆ ಕಂಪನಿಯಲ್ಲಿ ಜನ 'ಒನ್ಸ್ ಮೋರ್' ಎಂದು ಎಷ್ಟು ಹೊತ್ತು ಕೂಗುತ್ತಿದ್ದರೋ ಅಷ್ಟೇ ಹೊತ್ತು ಆಕೆ ಇಲ್ಲಿ ಮೈಕಿನ ಮುಂದೆ ಕೈಮುಗಿದು, ಕತ್ತು ಓರೆ ಮಾಡಿ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಉತ್ತಮ್ ಮೈಕು ಮುಚ್ಚಿ ಗೃಹಸಾಲದ ಜಾಹೀರಾತು ಬಿಟ್ಟಿರುತ್ತಾನೆ. ಕನ್ನಡ ಉಳಿಸಲು ಹೊರಟವರಿಗೆ ಕನ್ನಡದ ಹಾಡೇ ಅಡ್ಡ ಬಂದರೆ ಇನ್ನೇನು ಮಾಡಿಯಾರು? ಈ ವಾರ ಜಾಹೀರಾತು ಬಿಟ್ಟವನೇ ಗದರಿಯೇಬಿಟ್ಟ: "ಆಂಟಿ, ಯಾರೂ ಒನ್ಸ್ ಮೋರ್ ಅಂದಿಲ್ಲ! ಹೀಗೇ ಮಾಡಿದ್ರೆ ಮುಂದಿನ ವಾರದಿಂದ ನಿಮ್ಮನ್ನ ಕರೆಯೋಕಾಗಲ್ಲ." ವೈದೇಹಮ್ಮ ಸೆರಗು ಸರಿಪಡಿಸಿಕೊಂಡರು. "ಅಂದಿರ್ತಾರಪ್ಪ, ಅವರವರ ಮನೇಲಿ. ರೇಡಿಯೊಗೆ ಬಂದಾಗಿಂದ ನನಗೆ ಒಂದೂ ಕೇಳ್ಸಿಲ್ಲ, ಅಷ್ಟೆ. ಯಾರೋ ಒಬ್ರು ಕೇಳಿ, ನಾನು ಹಾಡ್ದೆ ಹೋದ್ರೆ?" ವರ್ಷಗಟ್ಟಲೆ 'ಪ್ರಿಯ ಕೇಳುಗರೇ' ಎಂದು ಕರೆದರೂ ಒಂದೇ ಒಂದು ಫೋನು ಬರದ ಉತ್ತಮ್ ಜಾಹೀರಾತನ್ನು ಅರ್ಧಕ್ಕೇ ನಿಲ್ಲಿಸಿ, ಮೈಕು ತೆರೆದು, ಹೆಡ್‌ಫೋನನ್ನು ಕಿವಿಗಿಟ್ಟುಕೊಂಡ.