ವಿಲ್ಬರ್ತ್ ಎಣಿಸಿದ ಏಳನೆಯವರು

ಪುಂತಾರೆನಾಸ್ ಬಂದರಿನಿಂದ ಕೊಕೊಸ್ ದ್ವೀಪಕ್ಕೆ ಹಡಗಿನಲ್ಲಿ ಒಂದೂವರೆ ದಿನದ ಹಾದಿ. ಡೈವರ್‌ಗಳನ್ನು ಅಲ್ಲಿಗೆ ಒಯ್ಯುವ ಒಂದು ಹಡಗಿನಲ್ಲಿ ನಾನು ಹನ್ನೊಂದು ವರ್ಷ ಅಡುಗೆ ಮಾಡಿದೆ. ವಿಲ್ಬರ್ತ್ ಒಬಾಂದೊ ನನಗಿಂತ ಮೊದಲೇ ಅಲ್ಲಿ ಡೈವರ್‌ಗಳಿಗೆ ದಾರಿ ತೋರಿಸುವ ಕೆಲಸದಲ್ಲಿದ್ದ. ನೂರು ಸಲವಾದರೂ ಮುಳುಗಿ ಎದ್ದವರನ್ನು ಮಾತ್ರ ಆ ನೀರಿಗೆ ಇಳಿಸುತ್ತಿದ್ದರು. ಅಲ್ಲಿನ ಸೆಳೆತ ಅಂಥದ್ದು.

ನಾನು ಸೇರಿದ ಮೂರನೆಯ ವರ್ಷ ಅವನ ಗುಂಪಿನಲ್ಲಿ ಇಂಗರ್ ಎಂಬ ಡೆನ್ಮಾರ್ಕಿನ ಶಾಲಾ ಮೇಡಂ ಇದ್ದಳು. ಸುತ್ತಿಗೆತಲೆಯ ಶಾರ್ಕ್‌ಗಳ ಹಿಂಡು ತಲೆಯ ಮೇಲೆ ಹಾಯುತ್ತಿತ್ತು. ಬಂಡೆ ಬಿಡಬೇಡಿ ಎಂದು ವಿಲ್ಬರ್ತ್ ಸನ್ನೆ ಮಾಡಿದ. ಸರಿ ಎಂದು ಅವಳೂ ಬೆರಳು ಸೇರಿಸಿ ತೋರಿಸಿದಳು. ಅವನು ಇನ್ನೊಬ್ಬರತ್ತ ತಿರುಗಿ ಮತ್ತೆ ನೋಡುವಷ್ಟರಲ್ಲಿ ಆ ಜಾಗ ಖಾಲಿ. ನಾಲ್ಕು ದಿನ ಹುಡುಕಿದರೂ ಅವಳ ಮಾಸ್ಕಿನ ಪಟ್ಟಿ ಕೂಡ ಸಿಗಲಿಲ್ಲ. ಅವನ ತಪ್ಪಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನು ಅದನ್ನು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ನಾನು ಬಾಳೆಕಾಯಿ ಸುಲಿಯುತ್ತಿದ್ದಾಗ ಬಂದು ನಿಂತ.

"ಕೆಳಗೆ ಎಣಿಸಿದ್ರೆ ಒಬ್ರು ಜಾಸ್ತಿ ಇರ್ತಾರೆ, ಹಸಿಂತಕ್ಕಾ."

"ನಿನ್ನನ್ನೂ ಸೇರಿಸ್ಕೊಂಡು ಎಣಿಸ್ತೀಯೇನೋ."

"ನನ್ನ ಬಿಟ್ಟೇ ಎಣಿಸೋದು. ಇರೋರು ಆರು ಜನ, ಲೆಕ್ಕಕ್ಕೆ ಏಳು. ಕೊನೇಲಿ ಇರತ್ತೆ, ಬೆನ್ನು ಮಾಡ್ಕೊಂಡು, ಬಂಡೆ ಹಿಡ್ಕೊಂಡು."

"ಹಾಗಾದ್ರೆ ಈ ಕೆಲಸ ಬಿಡು ಮಾರಾಯ."

"ನಾನೂ ಬಿಟ್ರೆ ಅದನ್ನ ಎಣಿಸೋರು ಯಾರು?"

ಹೀಗೇ ಐದು ವರ್ಷ ನಡೆಯಿತು. ಹಡಗಿನಿಂದ ಡೈವರ್‌ಗಳನ್ನು ಮುಳುಗುವ ಜಾಗಕ್ಕೆ ಒಯ್ಯುವ ಸಣ್ಣ ದೋಣಿ ನಡೆಸುವ ಎಲಾದಿಯೊಗೂ ಇದು ಗೊತ್ತಿತ್ತು. ಡೈವರ್‌ಗಳು ಹತ್ತುವಾಗ ಅವನು ಬೇಕೆಂದೇ ಗಟ್ಟಿಯಾಗಿ ಎಣಿಸುತ್ತಿದ್ದ.

ಒಂದು ಮಾರ್ಚ್ ಮಧ್ಯಾಹ್ನ ವಿಲ್ಬರ್ತ್ ಎಲ್ಲರಿಗಿಂತ ಕೊನೆಗೆ ಮೇಲೆ ಬಂದ. ದೋಣಿ ಹತ್ತಲಿಲ್ಲ, ಅಂಚು ಹಿಡಿದು ತೇಲುತ್ತ ನಿಂತ.

"ಆರು ಜನ ಇಳಿಸಿದ್ದೆ, ಆರು ಹತ್ತಿಸ್ಕೊಂಡೆ," ಎಂದ ಎಲಾದಿಯೊ. "ಏಳನೇವ್ರಿಗೆ ಊಟ ಇಲ್ಲ, ಹತ್ತು."

"ಇವತ್ತು ಅದು ಬಂಡೆ ಬಿಡ್ತು. ಪಶ್ಚಿಮಕ್ಕೆ ಹೋಯ್ತು. ಆ ಕಡೆ ನಡಿ."

"ತಲೆ ನೆಟ್ಟಗಿದೆಯಾ ನಿಂಗೆ?"

"ಇಷ್ಟು ವರ್ಷದಲ್ಲಿ ಒಂದ್ಸಲಾನಾದ್ರೂ ಹೀಗೆ ದೋಣಿ ತಿರುಗ್ಸು ಅಂತ ಕೇಳಿದೀನಾ?"

ಕೇಳಿರಲಿಲ್ಲ. ಎಲಾದಿಯೊ ಗೊಣಗುತ್ತಲೇ ದೋಣಿ ತಿರುಗಿಸಿದ. ಇಪ್ಪತ್ತು ನಿಮಿಷದ ನಂತರ, ಅಲೆಗಳ ನಡುವೆ, ಡೈವರ್‌ಗಳು ಗುರುತಿಗೆಂದು ಊದಿ ತೇಲಿಬಿಡುವ ಕಿತ್ತಳೆ ಬಣ್ಣದ ಗಾಳಿಕೊಳವೆಯೊಂದು ಕಂಡಿತು. ಅದಕ್ಕೆ ಜೋತುಬಿದ್ದಿದ್ದವನು ನಮ್ಮ ಎರಡನೆಯ ದೋಣಿಯ ಎನೆಕೊ ಎಂಬ ಡೈವರ್. ಮಾಸ್ಕ್ ಹೋಗಿತ್ತು, ತುಟಿ ನೀಲಿಗಟ್ಟಿತ್ತು. ಅವನ ಗುಂಪಿನವರು ಆಗಿನ್ನೂ ನೀರಿನಡಿ ಅವನನ್ನು ಹುಡುಕುತ್ತಿದ್ದರು.

ಸಂಜೆ ಊಟದ ಮೇಜಿನಲ್ಲಿ ಎಲ್ಲರೂ ವಿಲ್ಬರ್ತನ ಬೆನ್ನು ತಟ್ಟುವವರೇ. ಅವನು ಎನೆಕೊನನ್ನು ಒಂದೇ ಮಾತು ಕೇಳಿದ. "ನಮ್ಮ ಗುಂಪಿನ ಹತ್ರ ಎಷ್ಟು ಹೊತ್ತಿದ್ರಿ?"

"ನಿಮ್ಮ ಗುಂಪನ್ನ ನಾನು ನೋಡೇ ಇಲ್ವಲ್ಲ," ಎಂದ ಎನೆಕೊ. "ನಾವು ಇಳಿದಿದ್ದು ದ್ವೀಪದ ಆ ಪಕ್ಕ. ಇಳಿದ ಕೂಡ್ಲೇ ಸೆಳೆತ ನನ್ನ ಎತ್ಕೊಂಡು ಹೋಯ್ತು."

ಎಲಾದಿಯೊ ಚಮಚ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಅವತ್ತಿನಿಂದ ಅವನು ಎಣಿಕೆಯ ತಮಾಷೆ ಮಾಡಲಿಲ್ಲ.

ಮರುದಿನ ವಿಲ್ಬರ್ತ್ ಅದೇ ಬಂಡೆಯ ಹತ್ತಿರ ಇಳಿದು ಬಂದ. ಎಷ್ಟು ಜನ ಎಂದು ಕೇಳಿದೆ.

"ಆರು," ಎಂದ. ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ.

ಮತ್ತೆಂದೂ ಏಳು ಆಗಲಿಲ್ಲ. ಅವನಿಗೆ ಬಿಡುಗಡೆಯಾಯಿತೆಂದು ಎಲ್ಲರೂ ಅಂದುಕೊಂಡೆವು. ಅವನೋ ಕೆಳಗೆ ಎರಡೆರಡು ಸಲ, ಮೂರು ಸಲ ಎಣಿಸತೊಡಗಿದ. ಜನರನ್ನು ಮೇಲೆ ಕಳಿಸಿ ತಾನೊಬ್ಬನೇ ಬಂಡೆಯ ಹತ್ತಿರ ನಿಲ್ಲುತ್ತಿದ್ದ. ಸಿಲಿಂಡರಿನ ಗಾಳಿ ತಳ ಮುಟ್ಟುವವರೆಗೆ ನಿಂತ ಒಂದು ದಿನ ಕ್ಯಾಪ್ಟನ್ ಅವನನ್ನು ನೀರಿಗಿಳಿಯದಂತೆ ತಡೆದ.

ಈಗ ಪುಂತಾರೆನಾಸ್‌ನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಒಬ್ಬ ಮನುಷ್ಯನ ಜೀವ ಉಳಿಸಿದೆಯಲ್ಲೋ ಎಂದು ಹೋದ ವಾರ ಸಮಾಧಾನ ಹೇಳಹೊರಟೆ.

"ಉಳಿಸಿದ್ದು ಅವಳು," ಎಂದ. "ಎನೆಕೊ ಸಿಕ್ಕ ಕೂಡ್ಲೇ ದೋಣಿ ವಾಪಸ್ ತಿರುಗಿಸಿದ್ವಿ. ನಾನು ಅವಳನ್ನ ಎರಡ್ಸಲ ಕೈಬಿಟ್ಟೆ."

ಅವನ ತಟ್ಟೆಗೆ ಮೀನಿನ ಸಾರು ಬಡಿಸಿದೆ.