ಬಿಚ್ಚಿ ನೋಡದ ಜಂಪರ್ ಪೀಸು

ಹೋದ ವಾರ ಹಾವೇರಿಯ ನಮ್ಮ ಓಣಿಯಲ್ಲಿ ಒಂದು ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟ ಮುಗಿಸಿ, ಉಡಿ ತುಂಬಿಸಿಕೊಂಡು ಮನೆಗೆ ಬಂದೆ. ಕಾಯಿಯನ್ನು ಅಡಿಗೆಮನೆಯಲ್ಲಿಟ್ಟು ಜಂಪರ್ ಪೀಸಿನ ಮೇಲಿನ ಪ್ಲಾಸ್ಟಿಕ್ ಹರಿದೆನೋ ಇಲ್ಲವೋ, ಹೊಸ ಅರಿವೆಯ ಗಂಜಿ ವಾಸನೆ ಮೂಗಿಗೆ ಹತ್ತಿ ಸಾಲಾಗಿ ನಾಲ್ಕು ಸೀನು ಬಂದವು. ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಸುಗ್ಗಿಯಲ್ಲಿ ಹೊರಗಿನವರು ಬಸ್ ಸ್ಟ್ಯಾಂಡಿನಲ್ಲೇ ಸೀನಲು ಶುರು ಮಾಡಿದರೆ, ಮೆಣಸಿನಕಾಯಿಯ ಆ ಘಾಟನ್ನು ನಾವು ಬರೀ ಗಾಳಿ ಎಂದುಕೊಂಡು ಬೆಳೆದವರು. ಅಂಥ ಮೂಗು ಒಂದು ಕುಬಸದ, ಅಂದರೆ ರವಿಕೆಯ, ಅರಿವೆಗೆ ಸೋತದ್ದು ನನಗೇ ನಾಚಿಕೆ ತಂದಿತು.

ಜಂಪರ್ ಪೀಸಿನ ಸಂಚಾರ ನಿಮಗೆ ಗೊತ್ತೇ ಇರುತ್ತದೆ. ನಮ್ಮ ಮನೆಗೆ ಬಂದದ್ದನ್ನು ನಾವು ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಸೀಮಂತಕ್ಕೋ ಮದುವೆಗೋ ಇನ್ನೊಬ್ಬರ ಉಡಿಗೆ ಹಾಕುತ್ತೇವೆ. ಅವರು ಮತ್ತೊಬ್ಬರಿಗೆ ಹಾಕುತ್ತಾರೆ. ಯಾರೂ ಮಡಿಕೆ ಬಿಚ್ಚುವುದಿಲ್ಲ. ನಮ್ಮವ್ವ ಒಮ್ಮೆ ಒಂದು ನೇರಳೆ ಪೀಸಿನ ಮೂಲೆಗೆ ಹಸಿರು ದಾರದ ಗಂಟು ಹಾಕಿ ಬಿಟ್ಟಿದ್ದಳು. ಎರಡು ವರ್ಷದ ಮೇಲೆ ಅದು ಕಾಗಿನೆಲೆಯ ಬೀಗರ ಕೈಯಿಂದ, ಗಂಟಿನ ಸಮೇತ, ನಮ್ಮ ಮನೆಗೇ ಬಂತು. ಅವ್ವ ಬಹಳ ಸಂತೋಷಪಟ್ಟು ಮರುವಾರವೇ ಅದನ್ನು ಮತ್ತೆ ಹೊರಗೆ ಕಳಿಸಿದಳು.

ಈ ಸಂಚಾರಕ್ಕೆ ಅಡ್ಡ ನಿಲ್ಲುತ್ತಿದ್ದವಳು ಒಬ್ಬಳೇ. ಅಪ್ಪನ ಅಕ್ಕ, ನಮ್ಮ ಅತ್ತಿ. ರಾಣೇಬೆನ್ನೂರಿನ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಅವಳದೊಂದು ಹೊಲಿಗೆ ಮಷಿನ್ ಇತ್ತು. ಅಳತೆ ಟೇಪು ಸದಾ ಕೊರಳಲ್ಲಿ; ಮದುವೆಗೆ ಹೋಗುವಾಗಲೂ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದಳು. ಉಡಿಗೆ ಬಿದ್ದ ಪೀಸನ್ನು ಅಲ್ಲೇ, ಹಾಕಿದವರ ಎದುರಿಗೇ ಬಿಚ್ಚಿ ಅಳೆಯುತ್ತಿದ್ದಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅಪ್ಪ ಗೊಣಗುತ್ತಿದ್ದ, ಆದರೆ ಅಕ್ಕನ ಎದುರಿಗಲ್ಲ.

ನಮ್ಮಕ್ಕನ ಸೀಮಂತದಲ್ಲಿ ಅಕ್ಕನ ಅತ್ತೆಯವರೇ ಕೈಯಾರೆ ಒಂದು ಪೀಸನ್ನು ಅತ್ತಿಯ ಉಡಿಗೆ ಹಾಕಿದರು. ಇವಳು ಬಿಚ್ಚಿದಳು. ಟೇಪು ಹಿಡಿದಳು. ಪಂಕ್ತಿ ಹಾಕುತ್ತಿದ್ದವರೂ ನಿಂತು ನೋಡತೊಡಗಿದರು.

“ಎಪ್ಪತ್ತ ಸೆಂಟಿಮೀಟರ್ ಐತಿ” ಎಂದಳು ಅತ್ತಿ. “ಎಂಬತ್ತಿಲ್ಲಂದ್ರ ಕುಬಸ ಆಗಂಗಿಲ್ರಿ. ತೋಳು ಬಂದ್ರ ಬೆನ್ನು ಬರಂಗಿಲ್ಲ.”

ನಾನಾಗ ಪಿಯುಸಿಯಲ್ಲಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀಗರ ಮುಖ ಕೆಂಪಾಯಿತು, ಅಕ್ಕ ಅತ್ತಳು, ಅವ್ವ ಪಾಯಸದ ಸೌಟು ಹಿಡಿದು ಎಲ್ಲರನ್ನೂ ಸಮಾಧಾನ ಮಾಡಿದಳು. ಸಂಜೆ ಅತ್ತಿಯನ್ನು ಬಸ್ಸಿಗೆ ಹತ್ತಿಸಲು ಹೋದವಳು ಸಿಟ್ಟಿನಿಂದಲೇ ಕೇಳಿದೆ, ಸುಮ್ಮನೆ ಮಡಚಿ ಇಟ್ಟುಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು. ಅವಳು ಸಿಟ್ಟಾಗಲಿಲ್ಲ.

“ನಾ ಸುಮ್ನಿದ್ರ ಅದು ಇನ್ನೊಬ್ಬಾಕಿ ಉಡಿಗೆ ಹೋಗ್ತೇತಿ. ಎಂದರ ಒಂದಿನ ಯಾವಾಕೆರ ಬಡವಿ ಅದನ್ನ ಖರೇನ ಹೊಲಿಸಿ ತೊಟ್ಕೋಬೇಕು ಅಂತ ಬರ್ತಾಳ. ಆಗ ಆಕಿಗೆ ಏನ್ ಹೇಳ್ಲಿ?”

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗದಿರಲು ನನ್ನ ಜಾಣತನವೇ ಕಾರಣ. ಓದಿನಲ್ಲಿ ಮುಂದಿದ್ದೆ, ಮುಂದೆ ಭೌತಶಾಸ್ತ್ರ ಓದಿದೆ, ಅದರಲ್ಲೂ ಸೈದ್ಧಾಂತಿಕ ಭೌತಶಾಸ್ತ್ರ. ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ, ಕಾಗದ ಪೆನ್ಸಿಲ್ ಇದ್ದರೆ ಸಾಕು. ತೆಳುವಾದ ಅಯಸ್ಕಾಂತದ ಹಾಳೆಯನ್ನು ಕಾಯಿಸುತ್ತ ಹೋದರೆ ಅದರೊಳಗಿನ ಕಣಗಳ ಶಿಸ್ತು ಯಾವಾಗ ಕೆಡುತ್ತದೆ ಎಂಬುದು ನನ್ನ ಇಡೀ ಜೀವಮಾನದ ಪ್ರಶ್ನೆ. ಇದನ್ನು ಅತ್ತಿಗೆ ಹೇಳಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತ ಪೂರ್ತಿ ಕೇಳಿ, “ಕಡೀಕ ಅದನ್ನ ಯಾರರ ತೊಟ್ಕೊಂತಾರೇನವಾ?” ಎಂದಿದ್ದಳು.

ತೊಡುತ್ತಾರೆ ಅತ್ತಿ, ಬೇಕಾದಷ್ಟು ಜನ, ಎಂದು ಎದೆಯುಬ್ಬಿಸಿದ್ದೆ. ನಮ್ಮಲ್ಲಿ ಅದಕ್ಕೊಂದು ಎಣಿಕೆ ಇದೆ. ನೀವು ಬರೆದ ಲೇಖನವನ್ನು ಇನ್ನೊಬ್ಬ ಸಂಶೋಧಕ ತನ್ನ ಲೇಖನದ ಕೊನೆಯಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಹೆಚ್ಚು ಸೈಟೇಶನ್ ಇದ್ದವರು ದೊಡ್ಡವರು. ನಾನು ಹಾವೇರಿಯ ಕಾಲೇಜಿಗೆ ಸೇರಿದ ಹೊಸದರಲ್ಲಿ ಬರೆದ ಒಂದು ಲೇಖನ ಇನ್ನೂರು ದಾಟಿತ್ತು. ಸಮಾರಂಭಗಳಲ್ಲಿ ನಮ್ಮ ಪ್ರಾಚಾರ್ಯರು ನನ್ನ ಹೆಸರಿಗಿಂತ ಮೊದಲು ಆ ಸಂಖ್ಯೆ ಹೇಳುತ್ತಿದ್ದರು, ನಾನು ಬೇಡ ಎನ್ನುವಂತೆ ಕೈ ಆಡಿಸುತ್ತ ಅವರು ಮರೆತಾರೆಂದು ಹೆದರುತ್ತಿದ್ದೆ. ಆಮೇಲೆ ಆರು ವರ್ಷ ಕೂತು ಬರೆದ ಇನ್ನೊಂದು ಲೇಖನಕ್ಕೆ ಸಿಕ್ಕದ್ದು ಮೂರೇ ಮೂರು. ಅದರ ಸುದ್ದಿಯನ್ನು ನಾನೂ ಎತ್ತುತ್ತಿರಲಿಲ್ಲ.

ಮುಯ್ಯಿಯ ಪತ್ರಗಳೂ ಬರುತ್ತವೆ ನೋಡಿ. ಗುರುತಿಲ್ಲದ ಊರಿನ ಗುರುತಿಲ್ಲದ ವಿದ್ವಾಂಸರು, ತಾವು ನನ್ನ ಲೇಖನವನ್ನು ಹೆಸರಿಸಿರುವುದಾಗಿಯೂ ನಾನು ತಮ್ಮ ಐದನ್ನು ಹೆಸರಿಸಿದರೆ ಸಂತೋಷವೆಂದೂ ಬರೆಯುತ್ತಾರೆ. ನಾನು ಹೆಸರಿಸಿದ್ದೇನೆ. ಎಲ್ಲ ಸಲವೂ ಓದಿ ಹೆಸರಿಸಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಕಳೆದ ವರ್ಷ ಎಂ.ಎಸ್ಸಿ. ತರಗತಿಗೆ ರೇಣುಕಾ ಎಂಬ ಹುಡುಗಿ ಬಂದಳು. ಕುಪ್ಪೇಲೂರಿನವಳು. ಅಲ್ಲಿಂದ ರಾಣೇಬೆನ್ನೂರಿಗೆ ಒಂದು ಬಸ್ಸು, ರಾಣೇಬೆನ್ನೂರಿನಿಂದ ಹಾವೇರಿಗೆ ಇನ್ನೊಂದು. ಪ್ರಾಜೆಕ್ಟಿಗೆ ನನ್ನ ಆ ಇನ್ನೂರರ ಲೇಖನವನ್ನೇ ಕೊಟ್ಟು, ಸೂತ್ರವನ್ನು ಮೊದಲಿನಿಂದ ಸಾಧಿಸಿಕೊಂಡು ಬಾ ಎಂದೆ. ಹತ್ತು ದಿನಕ್ಕೆ ಬಂದು ಬಾಗಿಲಲ್ಲಿ ನಿಂತಳು.

“ಮೇಡಂ, ಸೂತ್ರದಾಗಿನ ಎರಡನೇ ಪದ ನನಗ ಅರ್ಧಾನ ಬರಾಕತ್ತೇತ್ರಿ.”

ಇನ್ನೊಮ್ಮೆ ಮಾಡು ಎಂದೆ. ಮಾಡಿದಳು, ಅರ್ಧವೇ ಬಂತು. ಬಸ್ಸಿನಲ್ಲಿ ಕೂತು ಮಾಡಿದರೆ ಹೀಗೇ ಆಗುವುದು, ಮನೆಯಲ್ಲಿ ಸ್ವಸ್ಥ ಕೂತು ಮಾಡು ಎಂದು ಗದರಿಸಿ ಕಳಿಸಿದೆ. ಆ ಭಾನುವಾರ ಬೇಸರಕ್ಕೆ ನಾನೇ ಪೆನ್ಸಿಲ್ ಹಿಡಿದು ಕೂತೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಅಕ್ಕಪಕ್ಕದ ಎರಡು ಕಣಗಳ ನಡುವಿನ ಸೆಳೆತವನ್ನು ಒಂದು ಸಲ ಎಣಿಸಬೇಕು. ನಾನು ಎರಡು ಸಲ ಎಣಿಸಿದ್ದೆ. ಎರಡು ಮನೆಗಳ ನಡುವೆ ನಡೆದ ಒಂದೇ ಜಗಳವನ್ನು ಈ ಮನೆಯಲ್ಲೊಂದು ಆ ಮನೆಯಲ್ಲೊಂದು ಎಂದು ಲೆಕ್ಕ ಹಿಡಿದಂತೆ. ಸರಿಯಾಗಿ ಎಣಿಸಿದರೆ ಆ ಪದ ಅರ್ಧವಾಗುತ್ತದೆ, ಅರ್ಧವಾದರೆ ಲೇಖನದ ಹೆಚ್ಚುಗಾರಿಕೆಯೆಲ್ಲ ಬಿದ್ದುಹೋಗುತ್ತದೆ.

ಹಾಗಾದರೆ ಆ ಇನ್ನೂರು ಮಂದಿ? ಅವರ ಲೇಖನಗಳನ್ನು ಒಂದೊಂದಾಗಿ ತೆಗೆದೆ. ಎಲ್ಲರೂ ನನ್ನ ಸೂತ್ರವನ್ನು ಇದ್ದಂತೆ ಇಳಿಸಿಕೊಂಡಿದ್ದರು. ನಾಲ್ವರಂತೂ ನನ್ನ ಒಂದು ಅಕ್ಷರದೋಷವನ್ನೂ ಬಿಟ್ಟಿರಲಿಲ್ಲ. ಒಬ್ಬರೂ ಸಾಧಿಸಿ ನೋಡಿರಲಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಅಳು.

ಪ್ರಾಧ್ಯಾಪಕಿಯ ಬಡ್ತಿಗೆ ನಾನು ಅರ್ಜಿ ಹಾಕಬೇಕಾದ ತಿಂಗಳು ಅದು. ಇನ್ನೂರಿದ್ದರೆ ಬಡ್ತಿ, ಇಲ್ಲದಿದ್ದರೆ ಇಲ್ಲ. ಗುಟ್ಟಾಗಿ ಕೇಳಿದ್ದಕ್ಕೆ ಸಹೋದ್ಯೋಗಿಯೊಬ್ಬರು, ಮೊದಲು ಬಡ್ತಿ ಮುಗಿಯಲಿ, ತಿದ್ದುಪಡಿಯನ್ನು ಆಮೇಲೆ ಸಾವಕಾಶ ನೋಡಿಕೊಂಡರಾಯಿತು ಎಂದರು. ಅವರ ಮಾತು ನನಗೆ ಬಹಳ ರುಚಿಸಿತು. ನಾನೇನೋ ಸತ್ಯಸಂಧೆ ಎಂದು ನೀವು ತಿಳಿಯಬೇಡಿ. ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ತರಗತಿಯಲ್ಲಿ ಯಾರಾದರೂ ‘ತಪ್ಪು’ ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಹನ್ನೆರಡನೆಯ ದಿನ ರೇಣುಕಾ ಬಂದಳು. ಈ ಸಲ ಮುಖ ಅರಳಿತ್ತು. “ಮೇಡಂ, ನಿಮ್ಮಷ್ಟ ಬಂತ್ರಿ” ಎಂದು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

ತಿರುವಿ ನೋಡಿದೆ. ಮುತ್ತು ಪೋಣಿಸಿದಂಥ ಅಕ್ಷರ. ಆರನೆಯ ಪುಟದಲ್ಲಿ, ಹಿಂದು ಮುಂದಿಲ್ಲದೆ, ಎರಡು ಎಂಬ ಅಂಕಿಯೊಂದು ಬಂದು ಕೂತಿತ್ತು.

“ಈ ಎರಡು ಎಲ್ಲಿಂದ ಬಂತು?”

ಅವಳು ಸೆರಗು ಸರಿಮಾಡಿಕೊಂಡಳು. “ನಿಮ್ಮ ಉತ್ತರ ಬರಲಿ ಅಂತ ನಾನ ಹಾಕೀನ್ರಿ.”

ನನ್ನ ಇಷ್ಟು ವರ್ಷದ ಪಾಠದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಂದಿಲ್ಲ. ಸರಿಯಾದ ಉತ್ತರ ಕೈಯಲ್ಲಿ ಹಿಡಿದು ಬಂದವಳಿಗೆ ಮೂರು ವಾರದಲ್ಲಿ ನಾನು ಕಳ್ಳತನ ಕಲಿಸಿದ್ದೆ. ಎರಡು ಬಸ್ಸು ಹಿಡಿದು ಬಂದು ನನ್ನ ಲೇಖನವನ್ನು ಖರೇನೇ ತೊಟ್ಟುಕೊಳ್ಳಲು ನೋಡಿದವಳು ಇವಳೊಬ್ಬಳು. ಇವಳಿಗೆ ಏನು ಹೇಳುವುದು? ಅತ್ತಿ ತೀರಿಕೊಂಡು ಎಂಟು ವರ್ಷದ ಮೇಲೆ, ಬಸ್ಸಿನ ಬಳಿ ಅವಳು ನನಗೆ ಕೇಳಿದ ಪ್ರಶ್ನೆ ಅರ್ಥವಾಯಿತು. ಪೆನ್ನು ತೆಗೆದು ಆ ಎರಡನ್ನು ಹೊಡೆದು ಹಾಕಿದೆ. ನಿನ್ನದೇ ಸರಿ, ತಪ್ಪು ನನ್ನದು, ಇದು ನನಗೆ ಹನ್ನೊಂದು ದಿನದಿಂದ ಗೊತ್ತಿತ್ತು ಎಂದೆ. ಕೊನೆಯ ಭಾಗ ಹೇಳುವುದೇ ಕಷ್ಟವಾಯಿತು.

ಆ ವಾರವೇ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ತಪ್ಪನ್ನು ತೋರಿಸಿಕೊಟ್ಟವಳು ರೇಣುಕಾ ಎಂದು ಅದರಲ್ಲಿ ಬರೆದೆ. ಬಡ್ತಿಯ ಅರ್ಜಿಯಲ್ಲಿ ಸೈಟೇಶನ್ ಕೇಳಿದ ಕಡೆ, ಆ ಆರು ವರ್ಷದ ಲೇಖನದ್ದನ್ನಷ್ಟೇ ಹಿಡಿದು, ‘ಮೂರು’ ಎಂದು ತುಂಬಿದೆ. ಪ್ರಾಚಾರ್ಯರು ಕರೆಸಿದರು. ಹೋದ ವರ್ಷ ಇನ್ನೂರರ ಮೇಲಿದ್ದದ್ದು ಹೀಗೆ ಇಳಿದದ್ದು ಹೇಗೆ ಎಂದು ಅವರಿಗೆ ಗಾಬರಿ.

“ಅವು ತಪ್ಪಿನ ಮ್ಯಾಲೆ ಬಂದಾವ್ರಿ ಸರ್. ಈ ಮೂರು ಮಂದಿ ಓದಿ ಬರದಾರ” ಎಂದೆ.

“ಇಷ್ಟಕ್ಕ ಅರ್ಜಿ ಬೀಳ್ತೇತ್ರಿ ಮೇಡಂ.”

“ಬೀಳ್ಲಿ ಬಿಡ್ರಿ.”

ಬಿತ್ತು. ಮೊದಲ ಸುತ್ತಿನಲ್ಲೇ ಬಿತ್ತು. ಹೊಟ್ಟೆ ಉರಿಯಲಿಲ್ಲ ಎನ್ನಲಾರೆ. ಅದಕ್ಕಿಂತ ಉರಿದದ್ದು ಮುಂದಿನ ಸಂಗತಿಗೆ. ತಿದ್ದುಪಡಿ ಅಚ್ಚಾದ ಮೇಲೂ ಆ ತಪ್ಪು ಲೇಖನವನ್ನು ಹೆಸರಿಸುವುದು ನಿಂತಿಲ್ಲ. ಹೋದ ತಿಂಗಳೂ ಇಬ್ಬರು ಹೆಸರಿಸಿದ್ದಾರೆ. ಈಗ ಹೆಸರಿಸಿದ ಪ್ರತಿಯೊಬ್ಬರಿಗೂ ನಾನೇ ಪತ್ರ ಬರೆಯುತ್ತೇನೆ: ಇದು ತಪ್ಪು, ದಯವಿಟ್ಟು ನನ್ನ ಹೆಸರು ತೆಗೆಯಿರಿ. ತನ್ನನ್ನು ಉಲ್ಲೇಖಿಸಬೇಡಿ ಎಂದು ಕೈಮುಗಿಯುವ ವಿಜ್ಞಾನಿ ನಾನೊಬ್ಬಳೇ ಇರಬೇಕು. ಹೆಚ್ಚಿನವರು ಉತ್ತರಿಸುವುದಿಲ್ಲ. ನಾನೂ ಬಿಡುವುದಿಲ್ಲ.

ನಿನ್ನೆ ತರಗತಿಯಲ್ಲಿ ಒಂದು ಹೊಸ ಸೂತ್ರವನ್ನು ಸಾಧಿಸಿ ಬರೆಯುತ್ತಿದ್ದೆ. ಹಲಗೆ ಅರ್ಧ ತುಂಬಿತ್ತು. ಎರಡನೆಯ ಬೆಂಚಿನಿಂದ ರೇಣುಕಾ ಎದ್ದು ನಿಂತು, ಮೂರನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದೆ ಎಂದಳು. ಇಲ್ಲ, ಸರಿ ಇದೆ ಎಂದೆ. ಇಲ್ಲರಿ ಎಂದಳು. ಗಂಟೆ ಹೊಡೆಯುವವರೆಗೆ ವಾದ ನಡೆಯಿತು, ಉಳಿದವರೂ ತಮ್ಮ ತಮ್ಮ ಹಾಳೆ ತೆಗೆದು ಲೆಕ್ಕ ಮಾಡತೊಡಗಿದರು. ಈ ಸಲ ನಾನೇ ಸರಿಯಿದ್ದೆ. ಆದರೆ ನನ್ನ ಮಾತಿನ ಮೇಲೆ ಅವಳು ಒಪ್ಪಲಿಲ್ಲ. ಮನೆಗೆ ಹೋಗಿ ತಾನೇ ಮಾಡಿ ನೋಡಿ, ಇವತ್ತು ಬೆಳಿಗ್ಗೆ ಬಂದು ಒಪ್ಪಿದಳು.