ಏಳನೇ ನಲ್ಲಿಯ ಅಂಕಿ

ನನ್ನ ಅಣ್ಣನಿಗೆ ಊರೇ ಇಟ್ಟ ಹೆಸರು ಪುರಾವೆ. ಊರು ಎಂದರೆ ಮೊಬೈಲಿನೊಳಗಿನ ಊರು, ‘ನಮ್ಮೂರ ಮಾತು’ ಎಂಬ ಗುಂಪು. ಆರು ಸಾವಿರ ಜನ ಅಲ್ಲಿ ಹಗಲೆಲ್ಲ ಜಗಳವಾಡುತ್ತಾರೆ. ಲಸಿಕೆ, ಉಪಗ್ರಹ, ಮೊಬೈಲ್ ಟವರ್, ಟಿವಿಯವರು ತೋರಿಸದ ಸುದ್ದಿ, ಸರ್ಕಾರ ಬಿಚ್ಚದ ಕಡತ, ಯಾರು ಏನೇ ಹಾಕಲಿ, ಎರಡು ನಿಮಿಷದೊಳಗೆ ಅದರ ಕೆಳಗೆ ಅಣ್ಣನ ಸಾಲು ಬಂದು ಕೂತಿರುತ್ತಿತ್ತು: ಪುರಾವೆ ಎಲ್ಲಿ? ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಒಂದು ಭೂತಗನ್ನಡಿ ಹಾಕಿಕೊಂಡಿದ್ದ.

ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ಒಂದು ಕಡೆ ಕೂತವನೇ ಅಲ್ಲ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತುತ್ತು, ಮೇಜಿನ ಕೆಳಗೆ ಕಾಲು ಹೊಲಿಗೆ ಮೆಷಿನ್ ತುಳಿಯುವ ಹಾಗೆ ಕುಣಿಯುತ್ತಿತ್ತು. ಅತ್ತಿಗೆ ಏನಾದರೂ ಕೇಳಿದರೆ "ಇರು, ಇವನಿಗೊಂದು ಉತ್ತರ ಕೊಟ್ಟುಬಿಡ್ತೀನಿ" ಅನ್ನುತ್ತಿದ್ದ. ಉತ್ತರ ಹೋಗಿ, ಮರು ಉತ್ತರ ಬಂದು, ಅಷ್ಟು ಹೊತ್ತಿಗೆ ತಾನು ಕೇಳಿದ್ದೇನೆಂದು ಅತ್ತಿಗೆಗೇ ಮರೆತಿರುತ್ತಿತ್ತು. ಅವರ ಅಡುಗೆಮನೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅತ್ತಿಗೆ ಅದರ ಕೆಳಗೆ ಬಕೆಟ್ ಇಡುತ್ತಿದ್ದರು. ಅಣ್ಣ ಕೆಲಸ ಮಾಡುವುದು ನೀರಿನ ಇಲಾಖೆಯಲ್ಲಿ, ಅದನ್ನೂ ಹೇಳಿಬಿಡುತ್ತೇನೆ.

ಬೆಳಿಗ್ಗೆ ಆರಕ್ಕೆ ಅವನ ಕೆಲಸ ಶುರು. ಒಂದು ಮರದ ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಊರಿನ ಹನ್ನೆರಡು ನಲ್ಲಿ ಸುತ್ತಬೇಕು. ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಹರಿಯಲು ಬಿಡಬೇಕು. ಆಮೇಲೆ ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ನೀರು ಹಿಡಿದು ದ್ರಾವಣದ ಐದು ಹನಿ ಬಿಟ್ಟರೆ ನೀರು ಹಳದಿಯಾಗುತ್ತದೆ. ಪೆಟ್ಟಿಗೆಯಲ್ಲಿರುವ ಬಣ್ಣದ ಪಟ್ಟಿಯ ಪಕ್ಕ ಹಿಡಿದು, ಯಾವ ಹಳದಿಗೆ ಹೊಂದುತ್ತದೋ ಆ ಅಂಕಿ ಬರೆಯಬೇಕು. ಸೊನ್ನೆ ಪಾಯಿಂಟ್ ಎರಡು ಬಂದರೆ ನೀರಲ್ಲಿ ಸಾಕಷ್ಟು ಕ್ಲೋರಿನ್ ಇದೆ, ಕುಡಿಯಬಹುದು. ಬಣ್ಣವೇ ಬರದಿದ್ದರೆ ಎಲ್ಲೋ ಪೈಪು ಒಡೆದು ಕೊಳಕು ಸೇರುತ್ತಿರಬಹುದು, ತಕ್ಷಣ ಹೇಳಬೇಕು. ತಿಂಗಳಿಗೊಂದು ಹಾಳೆ, ಅಡ್ಡಕ್ಕೆ ಹನ್ನೆರಡು ನಲ್ಲಿ, ಉದ್ದಕ್ಕೆ ಮೂವತ್ತು ದಿನ.

ಏಳನೇ ನಲ್ಲಿ ಇರುವುದು ಬಣ್ಣದ ಬೀದಿಯಲ್ಲಿ, ಒಂದು ಹಸಿರು ಬಾಗಿಲಿನ ಎದುರು. ಆ ಮನೆಯ ಹಿರಿಯ ಹೆಂಗಸು ದಿನಾ ಬಾಗಿಲಲ್ಲಿ ನಿಂತು "ಇವತ್ತೆಷ್ಟು?" ಎಂದು ಕೇಳುತ್ತಿದ್ದರಂತೆ. ಅಣ್ಣ ಅಂಕಿ ಹೇಳುತ್ತಿದ್ದ. "ಸರಿ" ಎಂದು ಒಳಗೆ ಹೋಗುತ್ತಿದ್ದರು. ಇಡೀ ಊರಲ್ಲಿ ತನ್ನ ಕೆಲಸದ ಬಗ್ಗೆ ವಿಚಾರಿಸುವವರು ಅವರೊಬ್ಬರೇ ಎಂದು ಅಣ್ಣನಿಗೆ ಹೆಮ್ಮೆ.

ಗುಂಪಿನಲ್ಲಿ ಅವನ ದೊಡ್ಡ ಎದುರಾಳಿ ‘ವಿಜ್ಞಾನ ಟೀಚರ್’ ಎಂಬ ಹೆಸರಿನವರು. ಮೂರು ವರ್ಷದ ಜಗಳ. ಸರ್ಕಾರ ಹೇಳದ್ದೆಲ್ಲ ಗುಟ್ಟು ಎಂದು ಅಣ್ಣ ಬರೆದರೆ, "ಹೇಳದ್ದೆಲ್ಲ ಗುಟ್ಟಲ್ಲ, ಅರ್ಧಕ್ಕರ್ಧ ಬರೀ ಸೋಮಾರಿತನ" ಎಂದು ಅವರು ಬರೆಯುತ್ತಿದ್ದರು. ಅವತ್ತು ಅಣ್ಣನಿಗೆ ಊಟ ಸೇರುತ್ತಿರಲಿಲ್ಲ.

ನಾಲ್ಕೈದು ತಿಂಗಳ ಹಿಂದೆ ಬಣ್ಣದ ಬೀದಿಯಲ್ಲಿ ಇಪ್ಪತ್ತು ಜನ ವಾಂತಿಭೇದಿಯಾಗಿ ಮಲಗಿದರು. ಅದಾಗಿ ವಾರದೊಳಗೆ ಇಲಾಖೆಯವರು ಅಲ್ಲೇ ಪೈಪು ಅಗೆದು ರಿಪೇರಿ ಮಾಡಿದರು. ಪೈಪು ಒಡೆದದ್ದು ಅದನ್ನು ಪತ್ತೆ ಹಚ್ಚಿದ ದಿನವೇ, ಅದಕ್ಕೆ ಮೊದಲು ನೀರು ಚೆನ್ನಾಗಿತ್ತು, ದಿನಾ ಪರೀಕ್ಷೆಯಾಗಿದೆ ಎಂದು ಒಂದು ಪ್ರಕಟಣೆ ಬಂತು. ಗುಂಪಿಗೆ ಬೆಂಕಿ ಬಿತ್ತು. ಕ್ಲೋರಿನ್ನೇ ವಿಷ ಎಂದರು ಕೆಲವರು. ಟಿವಿಯವರು ಇಪ್ಪತ್ತನ್ನು ಇನ್ನೂರು ಮಾಡುತ್ತಿದ್ದಾರೆ ಎಂದರು ಇನ್ನು ಕೆಲವರು. ಟವರಿನ ಅಲೆಗಳಿಂದ ನೀರು ಕೆಡುತ್ತದೆ ಎಂದು ಒಬ್ಬ ಚಿತ್ರ ಬರೆದೇ ತೋರಿಸಿದ. ಪುರಾವೆ ಮಾತ್ರ ಒಂದೇ ಸಾಲು ಹಾಕಿದ: ಪರೀಕ್ಷೆ ಮಾಡಿದ್ದಕ್ಕೆ ಪುರಾವೆ ಎಲ್ಲಿ? ಹಾಳೆ ಹೊರಗೆ ಬಿಡಿ. ನಾನೂರು ಜನ ಮೆಚ್ಚಿದರು. ವಿಜ್ಞಾನ ಟೀಚರ್ ಮಾತ್ರ ಉತ್ತರ ಬರೆದರು: "ಪರೀಕ್ಷೆಯಾಗಿದ್ದು ನಾನೇ ಕಣ್ಣಾರೆ ನೋಡಿದ್ದೇನೆ. ಹಾಳೆಯನ್ನೂ ನಾನೇ ತರುತ್ತೇನೆ."

ನನ್ನದು ಸರ್ಕಾರಿ ಕಚೇರಿಗಳ ಎದುರಿಗೆ ಜೆರಾಕ್ಸ್ ಅಂಗಡಿ. ಊರಿನ ಎಲ್ಲ ಅರ್ಜಿಗಳೂ ನನ್ನ ಮೆಷಿನ್ನಿನ ಹೊಟ್ಟೆಯೊಳಗೆ ಹೋಗಿಯೇ ಬರಬೇಕು. ಮುಂದಿನ ತಿಂಗಳ ಒಂದು ಸೋಮವಾರ ಹತ್ತಿ ಸೀರೆಯುಟ್ಟ ಹಿರಿಯರೊಬ್ಬರು ಬಂದು, ಮಾಹಿತಿ ಕೇಳುವ ಅರ್ಜಿಯೊಂದನ್ನು ಕೊಟ್ಟರು.

"ಎರಡು ಪ್ರತಿ ಹಾಕಮ್ಮ. ಅಕ್ಷರ ಮಸುಕಾಗಬಾರದು."

ಬೇರೆಯವರ ಕಾಗದ ಓದಬಾರದು ಎಂಬ ನೀತಿ ನನಗೂ ಗೊತ್ತು, ಪಾಲಿಸಿದ್ದು ಕಡಿಮೆ. ಹೋದ ತಿಂಗಳ ಕ್ಲೋರಿನ್ ಪರೀಕ್ಷೆಯ ಹಾಳೆ ಕೊಡಿ ಎಂದಿತ್ತು. ಕೆಳಗೆ ವಿಳಾಸ: ಬಣ್ಣದ ಬೀದಿ, ಏಳನೇ ನಲ್ಲಿಯ ಎದುರು ಮನೆ. ಹಾಳೆ ತರುತ್ತೇನೆ ಎಂದಿದ್ದ ವಿಜ್ಞಾನ ಟೀಚರ್ ಇವರೇ ಎಂದು ಹೊಳೆದು ನನಗೆ ನಗು ತಡೆಯಲಾಗಲಿಲ್ಲ. ದಿನಾ ಬೆಳಿಗ್ಗೆ ಅಂಕಿ ಹೇಳಿ ಕೇಳಿ ಮಾಡುವ ಇಬ್ಬರು, ಇಡೀ ದಿನ ಫೋನಿನಲ್ಲಿ ಜುಟ್ಟು ಹಿಡಿದುಕೊಂಡಿದ್ದರು.

"ಯಾಕೆ ಟೀಚರ್ ಈ ಅರ್ಜಿ?" ಎಂದೆ.

"ಪುರಾವೆ ಅಂತ ಒಬ್ಬ ಇದ್ದಾನಮ್ಮ. ಪರೀಕ್ಷೇನೇ ಮಾಡಿಲ್ಲ ಅಂತಾನೆ. ನಮ್ಮನೆ ಮುಂದೆ ಬರೋ ನೀರಿನವರು ಒಂದು ದಿನ ತಪ್ಪಿಸಿದವರಲ್ಲ. ಅವರ ಹೆಸರು ಕೆಡಬಾರದು."

"ನಿಮ್ಮನೇಲಿ ಎಲ್ಲರೂ ಹುಷಾರಾಗಿದ್ದೀರಲ್ವಾ?"

ಅವರು ಮೆಷಿನ್ನಿನ ಬೆಳಕನ್ನೇ ನೋಡುತ್ತ ಹೇಳಿದರು. "ನಮ್ಮನೆಯವರು ಆರು ದಿನ ಆಸ್ಪತ್ರೇಲಿದ್ರು. ಇನ್ನೂ ಎದ್ದು ಓಡಾಡ್ತಿಲ್ಲ. ಬೇರೆಯವರದ್ದು ನಂಗೊತ್ತಿಲ್ಲ, ನಮ್ಮನೇದು ನನ್ನ ಕೈಯಿಂದಾನೇ ಆಗಿದ್ದು. ಹಿಂದಿನ ದಿನದ ಅಡುಗೆ ಬಿಸಿ ಮಾಡಿ ಕೊಟ್ಟುಬಿಟ್ಟೆ. ನಾನು ತಿನ್ನಲಿಲ್ಲ, ನಂಗೇನೂ ಆಗಲಿಲ್ಲ. ನೀರಂತೂ ಸರಿ ಇತ್ತು. ಇನ್ನೇನು ಉಳೀತು ಹೇಳು."

ಮಧ್ಯಾಹ್ನ ಅಣ್ಣ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ ನಾನು ಗೆದ್ದವಳ ಹಾಗೆ ಸುದ್ದಿ ಹೇಳಿದೆ. "ನಿನ್ನ ಟೀಚರ್ ಯಾರು ಗೊತ್ತಾ? ಏಳನೇ ನಲ್ಲಿಯವರು. ನಿನ್ನ ಮರ್ಯಾದೆ ಉಳಿಸೋಕೆ ನಿನ್ನ ಮೇಲೇ ಅರ್ಜಿ ಹಾಕಿದ್ದಾರೆ." ಅವನು ನಗುತ್ತಾನೆ ಎಂದುಕೊಂಡಿದ್ದೆ.

"ಯಾವ ತಿಂಗಳ ಹಾಳೆ?" ಎಂದ.

"ಹೋದ ತಿಂಗಳದ್ದು."

ಕುಣಿಯುತ್ತಿದ್ದ ಅವನ ಕಾಲು ನಿಂತಿತು. ಎಷ್ಟೋ ವರ್ಷದ ಮೇಲೆ ಅದು ನಿಂತದ್ದು ನೋಡಿ ನನಗೇ ಹೆದರಿಕೆಯಾಯಿತು.

"ದ್ರಾವಣ ಖಾಲಿಯಾಗಿತ್ತು ಕಣೇ," ಎಂದ. "ಬರೋವರೆಗೂ ಅಂದಾಜು ಹಾಕಿ ಅಂದ್ರು ಉಗ್ರಾಣದ ಗುಮಾಸ್ತರು. ಒಂಬತ್ತು ದಿನ."

"ಅಂದಾಜು ಅಂದ್ರೆ?"

"ಹಿಂದಿನ ದಿನದ ಅಂಕೀನೇ ಬರೆಯೋದು. ಎಲ್ಲರೂ ಹಾಕ್ತಾರೆ."

"ಟೀಚರ್ ಎಷ್ಟು ಅಂತ ಕೇಳಿದಾಗ?"

"ಬರೀ ನೀರು ಹಿಡಿದು ನಳಿಕೆ ಎತ್ತಿ ನೋಡಿದ ಹಾಗೆ ಮಾಡ್ತಿದ್ದೆ. ಪಾಯಿಂಟ್ ಎರಡು ಅಂತಿದ್ದೆ. ಬಾಗಿಲಿಂದ ಅವರಿಗೆ ಬಣ್ಣ ಕಾಣಲ್ಲ." ಅವನು ಕೌಂಟರಿನ ಮೇಲೆ ಬಿದ್ದಿದ್ದ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. "ಹತ್ತನೇ ದಿನ ದ್ರಾವಣ ಬಂತು. ಏಳನೇ ನಲ್ಲೀಲಿ ಬಣ್ಣವೇ ಬರಲಿಲ್ಲ. ಓಡಿಹೋಗಿ ಹೇಳಿದೆ. ಹಿಂದಿನ ದಿನದವರೆಗೂ ಪಾಯಿಂಟ್ ಎರಡು ಅಂತ ಹಾಳೇಲಿತ್ತಲ್ಲ, ಅವತ್ತೇ ಒಡೆದದ್ದು ಅಂತ ಎಲ್ಲರೂ ತಿಳ್ಕೊಂಡ್ರು."

"ಮತ್ತೆ ಆ ಹಾಳೆ ಹೊರಗೆ ಬಿಡಿ ಅಂತ ನೀನೇ ಕೂಗಿದ್ಯಲ್ಲೋ."

"ನಾನು ದೊಡ್ಡವರ ಗುಟ್ಟು ಕೇಳ್ತಿದ್ದೆ. ಅಂದಾಜು ಕೂಡ ಗುಟ್ಟು ಅಂತ ನಂಗೆ ಹೊಳೀಲೇ ಇಲ್ಲ."

ಇದನ್ನು ನಾನು ನಂಬುತ್ತೇನೆ. ಟೈಪ್ ಮಾಡುವ ಕೈಗೂ ಹಾಳೆ ತುಂಬುವ ಕೈಗೂ ಅವನಲ್ಲಿ ಪರಿಚಯವೇ ಇರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಬೈದೆ. ಆದರೆ ಬೈಯುವಾಗಲೂ ನನ್ನ ಕಿವಿಯಲ್ಲಿ ಟೀಚರ್ ಮಾತೇ ಕೇಳುತ್ತಿತ್ತು. ಅದನ್ನೂ ಅವನಿಗೆ ಹೇಳಿದೆ, ಅಡುಗೆಯ ವಿಷಯ. ಹೇಳದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವನು ಊಟ ಮಾಡದೆ ಎದ್ದು ಹೋದ.

ಮೂರು ದಿನ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ. ಅಡುಗೆಮನೆಯ ನಲ್ಲಿಯನ್ನು ಕೇಳದೆಯೇ ರಿಪೇರಿ ಮಾಡಿದ. ಅತ್ತಿಗೆ ನನಗೆ ಫೋನ್ ಮಾಡಿ, "ನಿಮ್ಮಣ್ಣಂಗೆ ಏನಾಗಿದೆ? ನಲ್ಲಿ ಸರಿ ಮಾಡಿದ್ರು, ನಂಗೆ ಭಯ ಆಗ್ತಿದೆ" ಎಂದರು. ಗುಂಪಿನಲ್ಲಿ ಎಲ್ಲರೂ ಪುರಾವೆಯನ್ನು ಕರೆಯುತ್ತಿದ್ದರು. ಭೂತಗನ್ನಡಿ ಮಾತಾಡಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಚೀಲದಲ್ಲಿ ಎರಡು ಹಾಳೆ ತಂದ. ಒಂದು ಹೋದ ತಿಂಗಳದ್ದು, ಇನ್ನೊಂದು ಖಾಲಿ. ಅರ್ಜಿ ಕಚೇರಿಗೆ ಬಂದಿತ್ತು. ನಾಳೆ ಪ್ರತಿ ಕೊಡಬೇಕಂತೆ. ಒಂಬತ್ತು ದಿನ, ಹನ್ನೆರಡು ನಲ್ಲಿ, ಎಲ್ಲೆಲ್ಲೂ ಹಿಂದಿನ ದಿನದ ಅಂಕಿಯೇ ಮೇಲಿಂದ ಕೆಳಗೆ ಇಳಿದಿತ್ತು. ಕುರುಡರಿಗೂ ಗೊತ್ತಾಗುವಂಥ ಸುಳ್ಳು.

"ಖಾಲಿ ಹಾಳೇದು ಒಂದ್ನಾಲ್ಕು ಪ್ರತಿ ಹಾಕು. ತಪ್ಪಾದ್ರೆ ಇನ್ನೊಂದಿರ್ಲಿ. ಎಲ್ಲಾ ಹೊಸದಾಗಿ ಬರೀತೀನಿ, ಅಲ್ಲಲ್ಲಿ ಪಾಯಿಂಟ್ ಮೂರು, ಪಾಯಿಂಟ್ ನಾಲ್ಕು."

ನಾನು ಹಾಕಿಕೊಟ್ಟೆ. ಹಾಕಬಾರದಿತ್ತು. ಒಡಹುಟ್ಟಿದವನು, ಕೆಲಸ ಹೋದರೆ ಅತ್ತಿಗೆಯ ಗತಿಯೇನು ಎಂದು ನನ್ನ ಕೈ ತಾನಾಗಿಯೇ ಗುಂಡಿ ಒತ್ತಿತು. ಬಾಗಿಲು ಅರ್ಧ ಎಳೆದೆ. ಅವನು ಸ್ಟೂಲಿನ ಮೇಲೆ ಕೂತು ಬರೆಯತೊಡಗಿದ. ಸುಳ್ಳು ಅಂಕಿ ಹುಟ್ಟಿಸುವುದು ನಿಜವಾದ ಪರೀಕ್ಷೆಗಿಂತ ಕಷ್ಟ ಎಂದು ಆಗ ಗೊತ್ತಾಯಿತು. ಬರೆದ, ಹೊಡೆದುಹಾಕಿದ, ಇನ್ನೊಂದು ಹಾಳೆ ತೆಗೆದುಕೊಂಡ. ಒಂದರಿಂದ ಆರನೇ ನಲ್ಲಿಯವರೆಗೆ ಮುಗಿಸಿ ಪೆನ್ನು ಎತ್ತಿಕೊಂಡು ಕೂತ.

"ಏಳನೇದಕ್ಕೆ ಏನು ಹಾಕ್ಲಿ?"

ಅವನು ಹೊಡೆದುಹಾಕಿದ್ದ ಹಾಳೆಯನ್ನು ನಾನು ನೆಲದಿಂದ ಎತ್ತಿಟ್ಟೆ.

"ಪಾಯಿಂಟ್ ಎರಡು ಹಾಕಿದ್ರೂ, ಮೂರು ಹಾಕಿದ್ರೂ ನೀರು ಸರಿ ಇತ್ತು ಅಂತಾನೇ ಆಗುತ್ತೆ," ಎಂದ. "ಅವರು ಅದನ್ನ ಓದಿ, ತಾವೇ ಕೈಯಾರೆ ಗಂಡನ್ನ ಮಲಗಿಸಿದ್ದು ಅಂತ ಗಟ್ಟಿ ಮಾಡ್ಕೋತಾರೆ."

"ನಿಜವಾಗ್ಲೂ ಎಷ್ಟಿತ್ತು?"

"ನನಗೇನು ಗೊತ್ತು? ನಾನು ನೋಡಲೇ ಇಲ್ಲವಲ್ಲ."

ಹಾಳೆಯನ್ನು ಮಡಚಿ ಹರಿದ. ಉಳಿದ ಪ್ರತಿಗಳನ್ನೂ ಹರಿದ. ಬೆಳಿಗ್ಗೆ ನನ್ನ ಜೊತೆ ಬಾ ಎಂದ, ಒಬ್ಬನೇ ಹೋದರೆ ಏಳನೇ ನಲ್ಲಿಯನ್ನು ಬಿಟ್ಟು ಎಂಟನೆಯದಕ್ಕೆ ಹೋಗಿಬಿಡುತ್ತೇನೋ ಏನೋ ಎಂದ.

ಬೆಳಿಗ್ಗೆ ನಾನು ಸ್ಕೂಟರಿನ ಹಿಂದೆ ಕೂತು ಪೆಟ್ಟಿಗೆ ಹಿಡಿದುಕೊಂಡೆ. ಬಣ್ಣದ ಬೀದಿಯಲ್ಲಿ ಅಗೆದ ಮಣ್ಣು ಇನ್ನೂ ಹಾಗೇ ಇತ್ತು. ಅವನು ನಲ್ಲಿ ತಿರುಗಿಸಿ, ಎರಡು ನಿಮಿಷ ಬಿಟ್ಟು, ಐದು ಹನಿ ಹಾಕಿದ. ಹಸಿರು ಬಾಗಿಲು ತೆರೆಯಿತು.

"ಇವತ್ತೆಷ್ಟು?"

"ಪಾಯಿಂಟ್ ಎರಡು, ಟೀಚರ್. ಇವತ್ತಿಂದು ನಿಜ." ಅವನು ಹಾಳೆ ತೆಗೆದು ಅವರ ಕೈಗೆ ಕೊಟ್ಟ. "ಇದರಲ್ಲಿ ಒಂಬತ್ತು ದಿನದ್ದು ಸುಳ್ಳು. ದ್ರಾವಣ ಇರಲಿಲ್ಲ. ನಿಮಗೆ ಹೇಳಿದ್ದೂ ಸುಳ್ಳು. ಆ ಪುರಾವೆ ಅನ್ನೋನು ನಾನೇ."

ಟೀಚರ್ ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು. ಅವರ ಬೆರಳು ಏಳನೇ ಸಾಲಿನಲ್ಲಿ ಇಳಿಯುತ್ತ ಒಂದು ಕಡೆ ನಿಂತಿತು. "ಇದೇ ದಿನ ಅವರನ್ನ ಆಸ್ಪತ್ರೆಗೆ ಸೇರಿಸಿದ್ದು," ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ, "ಗಂಟಲಿಗೆ ಅಂತ ನಾನು ಕಾಯಿಸಿದ ನೀರೇ ಕುಡಿಯೋದು. ಅದಕ್ಕೇ ನಂಗೇನೂ ಆಗಲಿಲ್ಲ. ಇಷ್ಟು ಹೊಳೀಲಿಲ್ಲ ನೋಡು ನಂಗೆ, ನಿಮ್ಮ ಅಂಕಿ ನಂಬ್ಕೊಂಡು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಅಣ್ಣನಿಗೂ ಹಗುರಾಗುತ್ತಿತ್ತು.

"ಒಳಗೆ ಬನ್ನಿ," ಎಂದರು ಅವನಿಗೆ. "ಅವರಿಗೆ ನೀವೇ ಹೇಳಿ. ಒಂದು ತಿಂಗಳಿಂದ ತಟ್ಟೆ ಇಟ್ರೆ, ತಿನ್ನೋಕೆ ಮುಂಚೆ ನನ್ನ ಮುಖ ನೋಡ್ತಾರೆ."

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ನಲ್ಲಿ ಸುರಿಯುತ್ತಲೇ ಇತ್ತು, ನಾನು ನಿಲ್ಲಿಸಿದೆ. ಒಳಗಿಂದ ಅವನ ಮಾತು ಕೇಳಿಸಲಿಲ್ಲ, ಬಹಳ ಹೊತ್ತು ಟೀಚರ್ ಅಳು ಮಾತ್ರ ಕೇಳಿಸಿತು.

ಅವತ್ತೇ ಅವನು ಕಚೇರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟ. ಹಳೆಯ ಹಾಳೆಯ ಪ್ರತಿಯೇ ಅರ್ಜಿಗೆ ಉತ್ತರವಾಗಿ ಹೋಯಿತು. ಎರಡು ತಿಂಗಳು ಅಮಾನತು ಆಯಿತು. ಗುಂಪಿನಲ್ಲಿ ತನ್ನ ಹೆಸರು, ಕೆಲಸ ಎರಡನ್ನೂ ಹಾಕಿ ನಡೆದದ್ದು ಬರೆದ. ಅರ್ಧ ಜನ ವೀರ ಎಂದರು, ಅರ್ಧ ಜನ ಇಲಾಖೆಯ ಏಜೆಂಟ್ ಎಂದರು, ಮೂರು ಜನ ಇದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದರು. ಅವನು ಉತ್ತರ ಕೊಡಲಿಲ್ಲ. ಕಾಲು ಈಗಲೂ ಕುಣಿಯುತ್ತದೆ, ಅದೇನು ಹೋಗುವ ಚಾಳಿಯಲ್ಲ.

ಈಗ ಮತ್ತೆ ಬೆಳಿಗ್ಗೆ ಆರಕ್ಕೆ ಹೋಗುತ್ತಾನೆ. ಹಸಿರು ಬಾಗಿಲು ಈಗಲೂ ತೆರೆಯುತ್ತದೆ. ಆದರೆ ಟೀಚರ್ ಎಷ್ಟು ಎಂದು ಕೇಳುವುದಿಲ್ಲ. ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿದು ಬಂದು, ಕೈ ಚಾಚಿ, ಅವನ ಕೈಯಿಂದ ನಳಿಕೆ ತೆಗೆದುಕೊಂಡು ತಾವೇ ಬೆಳಕಿಗೆ ಹಿಡಿದು ನೋಡುತ್ತಾರೆ.